ಇಂಗ್ಲಿಷ್ ಖರ್ಜೂರ–ವಾಲ್‌ನಟ್ ಕೇಕ್: ಮನೆಯಲ್ಲಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಮನೆಗಳಲ್ಲಿ ಸಂಜೆಯ ಟೀ ಜೊತೆ ಹೋಳು ಮಾಡಿ ಇಡುವ ಕೇಕ್ ಇದು. ಮೇಲೆ ಕ್ರೀಮ್ ಇಲ್ಲ, ಐಸಿಂಗ್ ಇಲ್ಲ. ಮಾಡಲು ಬೀಟರ್ ಬೇಡ, ಒಂದೇ ಮೊಟ್ಟೆ ಸಾಕು. ಇಷ್ಟು ಸರಳವಾದದ್ದು ಕೂಡ ಎಷ್ಟೋ ಮನೆಗಳಲ್ಲಿ ಒಣಗಿ ಪುಡಿಪುಡಿಯಾಗುತ್ತದೆ. ಹೆಚ್ಚಿನ ಸಲ ಕಾರಣ ಖರ್ಜೂರದಲ್ಲೇ ಇರುತ್ತದೆ. ಈ ಕೇಕಿನ ಸಿಹಿ, ತೇವ, ಬಣ್ಣ ಎಲ್ಲವೂ ಹೆಚ್ಚಾಗಿ ಖರ್ಜೂರದಿಂದಲೇ ಬರಬೇಕು. ಅದನ್ನು ಸರಿಯಾಗಿ ನೆನೆಸಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಇದು ಕೇಕೋ, ಬ್ರೆಡ್ಡೋ?

ಎರಡರ ನಡುವಿನದು. ಬ್ರೆಡ್ ಆಕಾರದ ಉದ್ದನೆಯ ಟಿನ್ನಿನಲ್ಲಿ ಬೇಯುತ್ತದೆ, ಬ್ರೆಡ್ಡಿನ ಹಾಗೆಯೇ ಹೋಳು ಮಾಡಿ ಬೆಣ್ಣೆ ಸವರಿ ತಿನ್ನುತ್ತಾರೆ. ಆದರೆ ಈಸ್ಟ್ ಹಾಕುವುದಿಲ್ಲ. ಬ್ರಿಟನ್ನಿನಲ್ಲಿ ಇಂಥವನ್ನು ಟೀ ಬ್ರೆಡ್ ಅಥವಾ ಟೀ ಲೋಫ್ ಅನ್ನುತ್ತಾರೆ. ವೇಲ್ಸಿನ ಬಾರಾ ಬ್ರಿತ್, ಐರ್ಲೆಂಡಿನ ಬಾರ್ಮ್‌ಬ್ರ್ಯಾಕ್ ಎರಡೂ ಇದರ ನೆಂಟರು. ಅವುಗಳಿಗೂ ಒಣಹಣ್ಣನ್ನು ಟೀಯಲ್ಲಿ ನೆನೆಸುವ ರೂಢಿ ಇದೆ. ಹೆಚ್ಚು ಬೆಣ್ಣೆ, ಹೆಚ್ಚು ಮೊಟ್ಟೆ ಹಾಕಿ ದುಂಡು ಟಿನ್ನಿನಲ್ಲಿ ಮಾಡುವ ಖರ್ಜೂರದ ಕೇಕುಗಳೂ ಉಂಟು. ಇಲ್ಲಿ ಹೇಳುತ್ತಿರುವುದು ಲೋಫ್ ಬಗ್ಗೆ. ಮೊದಲ ಸಲ ಮಾಡುವವರಿಗೆ ಇದೇ ಒಳ್ಳೆಯದು.

ಅಳತೆ ಹೇಳಿ.

ಬೀಜ ತೆಗೆದ ಖರ್ಜೂರ 225 ಗ್ರಾಂ. ಹಾಲು ಹಾಕದ ಗಟ್ಟಿ ಟೀ 250 ಮಿಲಿ. ಅಡುಗೆ ಸೋಡಾ 1 ಟೀ ಚಮಚ, ತಲೆ ತಟ್ಟಿ ಸಮ ಮಾಡಿದ್ದು. ಬೆಣ್ಣೆ 85 ಗ್ರಾಂ. ಕಂದು ಸಕ್ಕರೆ 100 ಗ್ರಾಂ. ಮೊಟ್ಟೆ 1. ಮೈದಾ 225 ಗ್ರಾಂ, ಅದಕ್ಕೆ ಬೇಕಿಂಗ್ ಪೌಡರ್ 1 ಟೀ ಚಮಚ, ಉಪ್ಪು ಒಂದು ಚಿಟಿಕೆ. ವಾಲ್‌ನಟ್, ಅಂದರೆ ಅಕ್ರೋಟು, 75 ಗ್ರಾಂ.

225 ಗ್ರಾಂ ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂತ ಅನಿಸಬಹುದು. ಹಳೆಯ ಇಂಗ್ಲಿಷ್ ಅಳತೆಯಲ್ಲಿ ಅದು ಅರ್ಧ ಪೌಂಡ್, ಅಂದರೆ 8 ಔನ್ಸ್. ಬ್ರಿಟನ್ನಿನಲ್ಲಿ ಕೇಕಿಗೆ ತೂಕವೇ ಮುಖ್ಯ, ಕಪ್ ಲೆಕ್ಕ ಇಲ್ಲ. ದಯವಿಟ್ಟು ಒಂದು ಸಣ್ಣ ಅಡುಗೆ ತಕ್ಕಡಿ ತಂದುಕೊಳ್ಳಿ. ಒಂದು ಕಪ್ ಮೈದಾವನ್ನು ಹಗುರವಾಗಿ ತುಂಬಿದರೆ 120 ಗ್ರಾಂ ಬರುತ್ತದೆ, ಒತ್ತಿ ತುಂಬಿದರೆ 150 ದಾಟುತ್ತದೆ. ಅಷ್ಟು ವ್ಯತ್ಯಾಸಕ್ಕೇ ಕೇಕ್ ಒಣಗುತ್ತದೆ.

ಟಿನ್ ಬ್ರಿಟನ್ನಿನವರು 2 ಪೌಂಡಿನದು ಅನ್ನುವ ಅಳತೆಯದು. ಸುಮಾರು 23 ಸೆಂಟಿಮೀಟರ್ ಉದ್ದ, 13 ಅಗಲ, 7 ಎತ್ತರ.

ಮಾಡುವ ಕ್ರಮ ಹೇಗೆ?

ಖರ್ಜೂರವನ್ನು ಸಣ್ಣಗೆ ಹೆಚ್ಚಿ ದೊಡ್ಡ ಪಾತ್ರೆಗೆ ಹಾಕಿ. ಹೆಚ್ಚುವಾಗ ಒಂದೊಂದನ್ನೂ ಬಿಡಿಸಿ ನೋಡಿ. ಬೀಜ ತೆಗೆದದ್ದು ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ಒಂದೆರಡು ಬೀಜ ಉಳಿದಿರುತ್ತವೆ. ಹಲ್ಲಿಗೆ ಸಿಕ್ಕಿದರೆ ಕಷ್ಟ.

ಮೇಲೆ ಸೋಡಾ ಉದುರಿಸಿ, ಕುದಿಯುತ್ತಿರುವ ಟೀ ಸೋಸಿ ಸುರಿಯಿರಿ. ನೊರೆ ಏಳುತ್ತದೆ, ಹೆದರಬೇಡಿ. ಬೆಣ್ಣೆಯನ್ನು ಚೂರು ಮಾಡಿ ಅದರಲ್ಲೇ ಹಾಕಿದರೆ ಬಿಸಿಗೆ ಕರಗುತ್ತದೆ. ಸಕ್ಕರೆಯನ್ನೂ ಈಗಲೇ ಸೇರಿಸಿ. ಈಗ ಪಾತ್ರೆ ಮುಚ್ಚಿ, ಕಡಿಮೆ ಅಂದರೂ ಮುಕ್ಕಾಲು ಗಂಟೆ ಸುಮ್ನೆ ಬಿಡಿ. ಮುಂದಿನ ಹೆಜ್ಜೆಗೆ ಹೋಗುವ ಮೊದಲು ಬೆರಳಿಟ್ಟು ನೋಡಿ. ಬರೀ ಬೆಚ್ಚಗಿರಬೇಕು. ಬಿಸಿ ಇರುವಾಗ ಮೊಟ್ಟೆ ಹಾಕಿದರೆ ಅದು ಅಲ್ಲೇ ಬೆಂದು ಎಳೆ ಎಳೆಯಾಗುತ್ತದೆ.

ಈಗ ಒಂದು ಫೋರ್ಕಿನಿಂದ ಖರ್ಜೂರವನ್ನು ಅರ್ಧಂಬರ್ಧ ಕಿವುಚಿ. ಕೆಲವು ಚೂರು ಉಳಿಯಲಿ. ಮೊಟ್ಟೆ ಒಡೆದು ಕಲಕಿ ಸೇರಿಸಿ. ಮೈದಾ, ಬೇಕಿಂಗ್ ಪೌಡರ್, ಉಪ್ಪು ಮೂರನ್ನೂ ಒಟ್ಟಿಗೆ ಜರಡಿ ಹಿಡಿದು ಹಾಕಿ, ಮರದ ಸೌಟಿನಿಂದ ಮೆಲ್ಲಗೆ ಮಗುಚಿ. ಬಿಳಿ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಜಾಸ್ತಿ ಕಲಕಿದರೆ ಮೈದಾದಲ್ಲಿ ಜಿಗುಟು ಬೆಳೆದು ಕೇಕ್ ರಬ್ಬರಿನಂತಾಗುತ್ತದೆ. ಕೊನೆಗೆ ವಾಲ್‌ನಟ್. ಇಡ್ಲಿ ಹಿಟ್ಟಿನ ಹದ ಬಂದಿದ್ದರೆ ಸರಿಯಾಗಿದೆ.

ಬೆಣ್ಣೆ ಕಾಗದ ಹಾಸಿದ ಟಿನ್ನಿಗೆ ಸುರಿದು, ಮೊದಲೇ ಬಿಸಿ ಮಾಡಿಟ್ಟ ಓವನ್ನಿನಲ್ಲಿ 165 ಡಿಗ್ರಿಯಲ್ಲಿ 55ರಿಂದ 65 ನಿಮಿಷ ಬೇಯಿಸಿ.

ಯಾವ ಖರ್ಜೂರ ತರಬೇಕು?

ದುಬಾರಿಯದ್ದು ಬೇಡ. ಮೆಜೂಲ್ ಖರ್ಜೂರವನ್ನು ಹಾಗೇ ತಿನ್ನಿ. ಕೇಕಿನಲ್ಲಿ ಕರಗಿಹೋದರೆ ಅದರ ಬೆಲೆಗೆ ನ್ಯಾಯ ಸಿಗುವುದಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಡೆಗ್ಲೆಟ್ ನೂರ್. ಅಲ್ಜೀರಿಯಾ, ಟ್ಯುನೀಷಿಯಾ ಕಡೆಯದು. ತಿರುಳು ಸ್ವಲ್ಪ ಗಟ್ಟಿ, ಸಿಹಿ ಹಿತ. ನೆನೆಸಿದಾಗ ಪೂರ್ತಿ ಕರಗದೆ ಅಲ್ಲಲ್ಲಿ ಚೂರಾಗಿ ಉಳಿಯುತ್ತದೆ. ಹಿಂದೆ ಇಂಗ್ಲಿಷ್ ಅಡುಗೆಮನೆಗಳಲ್ಲಿ ಇಟ್ಟಿಗೆಯಂತೆ ಒತ್ತಿ ಕಟ್ಟಿದ ಅಗ್ಗದ ಖರ್ಜೂರವನ್ನು ಬಳಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಖರ್ಜೂರದ ರಫ್ತಿಗೆ ಇರಾಕಿನ ಬಸ್ರಾ ಬಂದರು ಜಗತ್ತಿಗೇ ಹೆಸರಾಗಿತ್ತು. ಹೆಚ್ಚಿಟ್ಟ ಖರ್ಜೂರದ ಪ್ಯಾಕೆಟ್ ಕೂಡ ಸಿಗುತ್ತದೆ. ಅಂಟದಿರಲಿ ಅಂತ ಅದಕ್ಕೆ ಅಕ್ಕಿ ಹಿಟ್ಟು ಸವರಿರುತ್ತಾರೆ. ನಡೆಯುತ್ತದೆ, ಆದರೆ ಅದು ಒಣಗಿರುವುದರಿಂದ ನೆನೆಯಲು ಇನ್ನೊಂದು 15 ನಿಮಿಷ ಕೊಡಿ.

ನಮ್ಮೂರಿನ ಅಂಗಡಿಗಳಲ್ಲಿ ಸಿಗುವ ಕಪ್ಪನೆಯ, ಮೆತ್ತನೆಯ ಕಿಮಿಯಾ ಖರ್ಜೂರ ಇರಾನಿನದು. ಅದರಲ್ಲಿ ನೀರಿನಂಶ ಜಾಸ್ತಿ. ಅದನ್ನು ಹಾಕುವುದಾದರೆ ಟೀಯನ್ನು 220 ಮಿಲಿಗೆ ಇಳಿಸಿ. ಅದು ಪೂರ್ತಿ ಕರಗಿಬಿಡುವುದರಿಂದ ನಾಲ್ಕೈದು ಖರ್ಜೂರವನ್ನು ನೆನೆಸದೆ ಎತ್ತಿಟ್ಟು, ಹೆಚ್ಚಿ ವಾಲ್‌ನಟ್ ಜೊತೆ ಸೇರಿಸಿ.

ಉತ್ತುತ್ತೆ ಹಾಕಬಹುದಾ?

ಬೇಡ. ಅಂಟಿನ ಉಂಡೆಗೆ ಅದು ಚೆನ್ನ. ಇಲ್ಲಿ ಮುಕ್ಕಾಲು ಗಂಟೆ ನೆನೆಸಿದರೂ ನಾರು ಬಿಡುವುದಿಲ್ಲ.

ಖರ್ಜೂರಕ್ಕೆ ಸೋಡಾ ಯಾಕೆ? ಹಿಟ್ಟಿಗೆ ಹಾಕಿದರೆ ಸಾಲದಾ?

ಸೋಡಾ ಇಲ್ಲಿ ಉಬ್ಬಿಸುವುದಕ್ಕಿಂತ ಮೊದಲು ಇನ್ನೊಂದು ಕೆಲಸ ಮಾಡುತ್ತದೆ. ಖರ್ಜೂರದ ಸಿಪ್ಪೆ ತೆಳುವಾಗಿದ್ದರೂ ಗಟ್ಟಿ. ಅದರ ಕಣಗಳನ್ನು ಹಿಡಿದಿಡುವುದು ಪೆಕ್ಟಿನ್. ಸೋಡಾದ ಕ್ಷಾರ ಮತ್ತು ಬಿಸಿ ಸೇರಿದಾಗ ಆ ಪೆಕ್ಟಿನ್ ಸಡಿಲವಾಗಿ ಸಿಪ್ಪೆ ಮೆತ್ತಗಾಗುತ್ತದೆ. ಕಡಲೆ ಬೇಗ ಬೇಯಲಿ ಅಂತ ಚಿಟಿಕೆ ಸೋಡಾ ಹಾಕುತ್ತೇವಲ್ಲ, ಅಲ್ಲೂ ನಡೆಯುವುದು ಇದೇ. ಕ್ಷಾರ ಇದ್ದಾಗ ಸಕ್ಕರೆ ಮತ್ತು ಪ್ರೋಟೀನು ಸೇರಿ ಕಂದು ಬಣ್ಣಕ್ಕೆ ತಿರುಗುವುದೂ ಬೇಗ. ಈ ಕೇಕಿನ ಗಾಢ ಬಣ್ಣಕ್ಕೆ, ಸ್ವಲ್ಪ ಟಾಫಿಯಂಥ ರುಚಿಗೆ ಅದೂ ಒಂದು ಕಾರಣ.

ಅಳತೆ ಮೀರಬೇಡಿ. ಒಂದು ಚಮಚದ ಬದಲು ಒಂದೂವರೆ ಆದರೂ ಸೋಪಿನ ರುಚಿ ಬಂದುಬಿಡುತ್ತದೆ. ಅದನ್ನು ಆಮೇಲೆ ಸರಿಪಡಿಸಲು ದಾರಿಯೇ ಇಲ್ಲ.

ಟೀ ಬೇಕೇ ಬೇಕಾ?

ಬರೀ ಕುದಿಯುವ ನೀರಿನಲ್ಲೂ ಆಗುತ್ತದೆ, ಹಾಗೆ ಮಾಡುವವರು ಇಂಗ್ಲೆಂಡಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ನನ್ನ ಮತ ಟೀಗೆ. ಖರ್ಜೂರದ್ದು ಒಂದೇ ದಿಕ್ಕಿನ ಸಿಹಿ. ಟೀಯ ಒಗರು ಅದನ್ನು ಹಿಡಿತದಲ್ಲಿಡುತ್ತದೆ. ಅಸ್ಸಾಂ ಟೀ ಪುಡಿ ಎರಡು ಚಮಚ, ನಾಲ್ಕು ನಿಮಿಷ, ಅಷ್ಟೇ. ಸೋಸಿದ ಮೇಲೆ ಮತ್ತೊಮ್ಮೆ ಕುದಿ ಬರಿಸಿ ಸುರಿದರೆ ಇನ್ನೂ ಒಳ್ಳೆಯದು. ಏಲಕ್ಕಿ, ಶುಂಠಿ ಹಾಕಿದ ಮಸಾಲೆ ಟೀ ಬೇಡ. ಅದು ಬೇರೆ ಕೇಕ್ ಆಗಿಬಿಡುತ್ತದೆ. ಮಸಾಲೆ ಬೇಕೇ ಬೇಕು ಅನ್ನುವವರು ಅರ್ಧ ಚಮಚ ದಾಲ್ಚಿನ್ನಿ ಪುಡಿ ಹಾಕಲಿ.

ಫಿಲ್ಟರ್ ಕಾಫಿ ಡಿಕಾಕ್ಷನ್ನಿಗೆ ನೀರು ಬೆರೆಸಿ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಬಹುದು, ರುಚಿಯೂ ಬರುತ್ತದೆ. ಆದರೆ ಚಿಕೋರಿ ಕಡಿಮೆ ಇರಲಿ. ಇಲ್ಲದಿದ್ದರೆ ಕಹಿ ಮುಂದೆ ಬರುತ್ತದೆ.

ಇಂಗ್ಲಿಷ್ ಅಳತೆಗಳಲ್ಲಿ ಸೆಲ್ಫ್ ರೈಸಿಂಗ್ ಹಿಟ್ಟು ಅಂತ ಇರುತ್ತದೆ. ಅದೇನು?

ಉಬ್ಬಿಸುವ ಪುಡಿಯನ್ನು ಮೊದಲೇ ಬೆರೆಸಿದ ಮೈದಾ. ಬ್ರಿಸ್ಟಲ್ ನಗರದ ಹೆನ್ರಿ ಜೋನ್ಸ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ಎರಡು ವರ್ಷ ಮೊದಲು, 1843ರಲ್ಲಿ, ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ಮಾಡಿದ್ದರು. ಅವರ ಹೆಂಡತಿಗೆ ಈಸ್ಟ್ ಒಗ್ಗುತ್ತಿರಲಿಲ್ಲ. ಅವರಿಗೆ ತಿನ್ನಲು ಆಗುವ ಬ್ರೆಡ್ ಮಾಡಬೇಕು ಅಂತ ಹೊರಟು ಅದನ್ನು ಕಂಡುಹಿಡಿದರು. ಅದಕ್ಕೂ ಹಿಂದೆ ಕೇಕ್ ಉಬ್ಬಬೇಕಾದರೆ ಹೆಚ್ಚಾಗಿ ಈಸ್ಟ್ ಬೇಕಿತ್ತು, ಇಲ್ಲವೇ ತೋಳು ಸೋಲುವಷ್ಟು ಹೊತ್ತು ಮೊಟ್ಟೆ ಕಡೆಯಬೇಕಿತ್ತು. ಮೊಟ್ಟೆ ಹೆಚ್ಚು ಇಲ್ಲದೆ, ಕಡೆಯದೆ ಮಾಡುವ ಈ ರೀತಿಯ ಲೋಫ್ ಮನೆಮನೆಗೆ ಬರಲು ಈ ಪುಡಿಗಳೇ ದಾರಿ ಮಾಡಿಕೊಟ್ಟವು.

ಮೈದಾಕ್ಕೆ ಬೇಕಿಂಗ್ ಪೌಡರನ್ನು ಮೇಲಿನ ಅಳತೆಯಲ್ಲೇ ಸೇರಿಸಿದ್ದೇವೆ. ಸೆಲ್ಫ್ ರೈಸಿಂಗ್ ಹಿಟ್ಟು ಸಿಕ್ಕರೆ ಬೇಕಿಂಗ್ ಪೌಡರ್ ಬಿಟ್ಟುಬಿಡಿ.

ಕಂದು ಸಕ್ಕರೆಗೆ ಬದಲು ಬೆಲ್ಲ?

ಧಾರಾಳವಾಗಿ. ಇಂಗ್ಲಿಷರು ಇದಕ್ಕೆ ಬಳಸುವ ಮಸ್ಕೊವಾಡೊ ಸಕ್ಕರೆ ಕೂಡ ಕಾಕಂಬಿ ತೆಗೆಯದ ಕಬ್ಬಿನ ಸಕ್ಕರೆಯೇ. ಬಾರ್ಬಡೋಸ್, ಮಾರಿಷಸ್ ಕಡೆಯದು ಅವರಿಗೆ ಹೆಸರುವಾಸಿ. ನಮ್ಮ ಗಾಢ ಬಣ್ಣದ ಅಚ್ಚು ಬೆಲ್ಲ ಅದಕ್ಕೆ ತುಂಬಾ ಹತ್ತಿರ. 100 ಗ್ರಾಂ ಬೆಲ್ಲವನ್ನು ಪುಡಿ ಮಾಡಿ ಟೀಯಲ್ಲೇ ಕರಗಿಸಿ, ಸೋಸಿ, ಮತ್ತೆ ಕುದಿಸಿ ಖರ್ಜೂರದ ಮೇಲೆ ಸುರಿಯಿರಿ. ಸೋಸುವುದನ್ನು ಮರೆಯಬೇಡಿ, ಬೆಲ್ಲದಲ್ಲಿ ಮರಳು ಇರುತ್ತದೆ. ಮಲೆನಾಡಿನ ಜೋನಿ ಬೆಲ್ಲ ಇದ್ದರೆ ಅದೂ ಆಗುತ್ತದೆ, ಆಗ ಟೀಯಲ್ಲಿ ಎರಡು ದೊಡ್ಡ ಚಮಚ ಕಡಿಮೆ ಮಾಡಿ.

ಸಕ್ಕರೆ ಪೂರ್ತಿ ಬಿಡಬಹುದಾ? 60 ಗ್ರಾಂವರೆಗೆ ಇಳಿಸಬಹುದು. ಅದಕ್ಕಿಂತ ಕಡಿಮೆಯಾದರೆ ಒಳಗಿನ ಮೆತ್ತಗಿನ ಗುಣ ಹೋಗುತ್ತದೆ.

ವಾಲ್‌ನಟ್ ಕಹಿಯಾಗುತ್ತದೆ, ಏನು ಮಾಡಲಿ?

ಮೊದಲು ಒಂದನ್ನು ಬಾಯಿಗೆ ಹಾಕಿ ನೋಡಿ. ಹಳೆಯ ಎಣ್ಣೆಯ ವಾಸನೆ ಬಂದರೆ ಅದು ಮುಗ್ಗಿದೆ, ಎಸೆಯಿರಿ. ವಾಲ್‌ನಟ್ಟಿನ ಎಣ್ಣೆ ಬೇಗ ಕೆಡುವಂಥದ್ದು, ನಮ್ಮ ಸೆಕೆಗೆ ಇನ್ನೂ ಬೇಗ. ತಂದ ದಿನವೇ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ.

ತಾಜಾ ಇದ್ದರೂ ಸ್ವಲ್ಪ ಒಗರು ಇದ್ದೇ ಇರುತ್ತದೆ, ಅದು ಸಿಪ್ಪೆಯದು. ಓವನ್ ಹೇಗೂ ಬಿಸಿಯಾಗುತ್ತಿರುತ್ತದಲ್ಲ, ಆಗ ಎಂಟು ನಿಮಿಷ ಹುರಿಯಿರಿ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸುತ್ತಿ ಉಜ್ಜಿದರೆ ಸಿಪ್ಪೆ ಒಂದಿಷ್ಟು ಉದುರುತ್ತದೆ. ಆಮೇಲೆ ಕೈಯಲ್ಲೇ ಮುರಿಯಿರಿ. ಚಾಕುವಿನಿಂದ ಕತ್ತರಿಸಿದರೆ ಪುಡಿ ಜಾಸ್ತಿ ಬೀಳುತ್ತದೆ. ಕಾಶ್ಮೀರದ ಅಕ್ರೋಟು ಇದಕ್ಕೆ ತುಂಬಾ ಒಳ್ಳೆಯದು.

ಗೋಡಂಬಿ, ಬಾದಾಮಿ ಹಾಕಿದರೂ ಕೇಕ್ ಆಗುತ್ತದೆ. ಆದರೆ ಅವೂ ಸಿಹಿ ಕಡೆಯವೇ. ಖರ್ಜೂರದ ಎದುರು ನಿಲ್ಲುವುದು ವಾಲ್‌ನಟ್ಟಿನ ಒಗರೇ. ಬೀಜಗಳ ಅಲರ್ಜಿ ಇರುವವರಿಗೆ ಮಾಡುವಾಗ ಯಾವುದನ್ನೂ ಹಾಕದೆ ಬರೀ ಖರ್ಜೂರದ್ದೇ ಮಾಡಿ.

ಮೊಟ್ಟೆ ತಿನ್ನದವರಿಗೆ?

ಒಂದೇ ಮೊಟ್ಟೆ ಇರುವುದರಿಂದ ಬಿಡುವುದು ಸುಲಭ. 60 ಗ್ರಾಂ ಗಟ್ಟಿ ಮೊಸರು ಹಾಕಿ, ಹುಳಿ ಜಾಸ್ತಿ ಇರಬಾರದು. ಮಿಶ್ರಣ ಬೆಚ್ಚಗಾದ ಮೇಲೇ ಮೊಸರು ಸೇರಿಸಬೇಕು. ಸೋಡಾ ಮೊಸರಿಗೆ ತಾಕಿದ ಕೂಡಲೇ ಕೆಲಸ ಶುರುವಾಗುತ್ತದೆ, ಹಾಗಾಗಿ ಹಿಟ್ಟು ಕಲಸಿ ನಿಲ್ಲಿಸಬೇಡಿ, ತಕ್ಷಣ ಓವನ್ನಿಗಿಡಿ. ಮೊಟ್ಟೆ ಹಾಕಿದ್ದಕ್ಕಿಂತ ಹೋಳು ಸ್ವಲ್ಪ ಮೆತ್ತಗೆ, ಬೇಗ ಮುರಿಯುತ್ತದೆ. ದಪ್ಪಗೆ ಕತ್ತರಿಸಿದರೆ ಆಯಿತು.

ಗೋಧಿ ಹಿಟ್ಟು?

ಅರ್ಧ ಗೋಧಿ, ಅರ್ಧ ಮೈದಾ ಹಾಕಿದರೆ ಚೆನ್ನಾಗಿ ಬರುತ್ತದೆ. ಗೋಧಿ ನೀರು ಹೆಚ್ಚು ಕುಡಿಯುವುದರಿಂದ ಎರಡು ದೊಡ್ಡ ಚಮಚ ಟೀ ಜಾಸ್ತಿ ಹಾಕಿ. ಪೂರ್ತಿ ಗೋಧಿಯಾದರೆ ಭಾರವಾಗುತ್ತದೆ.

ನನ್ನ ಹತ್ತಿರ ಇರುವುದು ಓಟಿಜಿ (ಓವನ್–ಟೋಸ್ಟರ್–ಗ್ರಿಲ್). ಮೇಲೆ ಕಪ್ಪಾಗುತ್ತದೆ, ಒಳಗೆ ಹಸಿ. ಯಾಕೆ?

ಓಟಿಜಿ ಸಣ್ಣದು, ಮೇಲಿನ ಕಾಯಿಸುವ ರಾಡ್ ಕೇಕಿಗೆ ತೀರಾ ಹತ್ತಿರ ಇರುತ್ತದೆ. ಖರ್ಜೂರ, ಕಂದು ಸಕ್ಕರೆ ಎರಡೂ ಬೇಗ ಕಪ್ಪಾಗುವಂಥವು. ಟಿನ್ನನ್ನು ಕೆಳಗಿನ ಜಾಗದಲ್ಲಿಡಿ. 160 ಡಿಗ್ರಿ ಸಾಕು. 35 ನಿಮಿಷ ಆದ ಮೇಲೆ ಮೇಲಕ್ಕೊಂದು ಫಾಯಿಲ್ ಸಡಿಲವಾಗಿ ಮುಚ್ಚಿ. ಫ್ಯಾನ್ ಇರುವ ಓವನ್ ಆದರೆ ಮೇಲೆ ಹೇಳಿದ 165 ಡಿಗ್ರಿಗಿಂತ 15ರಿಂದ 20 ಡಿಗ್ರಿ ಇಳಿಸಿ. ಇಂಗ್ಲೆಂಡಿನಲ್ಲಿರುವವರ ಮನೆಯಲ್ಲಿ ಗ್ಯಾಸ್ ಓವನ್ ಇದ್ದರೆ 3ನೇ ನಂಬರಿಗೆ ತಿರುಗಿಸಿ.

ಓವನ್ನೇ ಇಲ್ಲ. ಕುಕ್ಕರಿನಲ್ಲಿ ಆಗುತ್ತದಾ?

ಆಗುತ್ತದೆ. ಇದು ತೇವದ ಕೇಕ್ ಆದ್ದರಿಂದ ನಿಧಾನದ ಬಿಸಿಯಲ್ಲಿ ಚೆನ್ನಾಗಿಯೇ ಬೇಯುತ್ತದೆ. ಒಳ್ಳೆಯ ಕುಕ್ಕರನ್ನು ನೀರಿಲ್ಲದೆ ಕಾಯಿಸಿ ಹಾಳು ಮಾಡಬೇಡಿ. ದಪ್ಪ ತಳದ ಹಳೆಯ ಪಾತ್ರೆ, ಬಿಗಿಯಾದ ಮುಚ್ಚಳ ಇದ್ದರೆ ಸಾಕು. ಕುಕ್ಕರನ್ನೇ ಬಳಸುವುದಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆಯಲೇಬೇಕು. ಒಳಗೆ ಒಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಉದ್ದ ಟಿನ್ ಹಿಡಿಸುವುದಿಲ್ಲ, 18 ಸೆಂಟಿಮೀಟರಿನ ದುಂಡು ಟಿನ್ ಇಡಿ. ಆಮೇಲೆ ಸಣ್ಣ ಉರಿ, ಸುಮಾರು ಒಂದು ಗಂಟೆ. ಮೇಲ್ಭಾಗ ಓವನ್ನಿನಲ್ಲಿ ಆದಷ್ಟು ಕೆಂಪಾಗುವುದಿಲ್ಲ, ರುಚಿಗೇನೂ ಕೊರತೆ ಆಗುವುದಿಲ್ಲ.

ಬೆಂದಿದೆ ಅಂತ ತಿಳಿಯುವುದು ಹೇಗೆ? ಕಡ್ಡಿಗೆ ಅಂಟುತ್ತಲೇ ಇರುತ್ತದೆ.

ಕಡ್ಡಿ ಖರ್ಜೂರದ ಚೂರಿಗೆ ತಾಗಿರಬಹುದು. ಎರಡು ಮೂರು ಕಡೆ ಚುಚ್ಚಿ ನೋಡಿ. ಕಂದು ಜಿಗುಟು ಅಂಟಿದರೆ ಅದು ಖರ್ಜೂರ, ಪರವಾಗಿಲ್ಲ. ಬಿಳಿಚಿಕೊಂಡ ಹಸಿ ಹಿಟ್ಟು ಅಂಟಿದರೆ ಇನ್ನೂ ಹತ್ತು ನಿಮಿಷ ಬೇಕು. ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮತ್ತೆ ಮೇಲೇಳಬೇಕು, ಅಂಚು ಟಿನ್ನಿನಿಂದ ಸ್ವಲ್ಪ ಬಿಟ್ಟುಕೊಂಡಿರಬೇಕು.

ನಡುವೆ ಕುಸಿಯಿತು.

ಮೊದಲ 40 ನಿಮಿಷದಲ್ಲಿ ಓವನ್ ಬಾಗಿಲು ತೆಗೆದಿರಬಹುದು, ಸೋಡಾ ಜಾಸ್ತಿ ಆಗಿರಬಹುದು, ಅಥವಾ ಬೇಯುವ ಮೊದಲೇ ಹೊರಗೆ ತೆಗೆದಿರಬಹುದು. ಮೂರರಲ್ಲಿ ಕೊನೆಯದೇ ಹೆಚ್ಚು. ಮೇಲಿನ ಬಣ್ಣ ನೋಡಿ ಮೋಸ ಹೋಗಬೇಡಿ.

ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದೆ, ತಪ್ಪಾಯಿತಾ?

ಇಲ್ಲ, ಅದು ಲೋಫ್ ಕೇಕಿನ ಲಕ್ಷಣವೇ. ಅಂಚು ಮೊದಲು ಗಟ್ಟಿಯಾಗುತ್ತದೆ, ನಡುವಿನ ಹಿಟ್ಟು ಆಮೇಲೆ ಉಬ್ಬಿ ಒಡೆದು ಬರುತ್ತದೆ.

ಆ ದಿನವೇ ಕತ್ತರಿಸಬಹುದಾ?

ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹತ್ತು ನಿಮಿಷ ಟಿನ್ನಿನಲ್ಲೇ ಇರಲಿ, ಆಮೇಲೆ ಜಾಲರಿಯ ಮೇಲೆ ಪೂರ್ತಿ ಆರಲಿ. ಬೆಣ್ಣೆ ಕಾಗದದಲ್ಲಿ, ಅದರ ಮೇಲೆ ಫಾಯಿಲಿನಲ್ಲಿ ಸುತ್ತಿ ಒಂದು ರಾತ್ರಿ ಬಿಡಿ. ಖರ್ಜೂರದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹೇರಳ. ಈ ಸಕ್ಕರೆಗಳು ನೀರನ್ನು ಬಿಡದೆ ಹಿಡಿದುಕೊಳ್ಳುತ್ತವೆ. ಆ ತೇವ ನಿಧಾನವಾಗಿ ಕೇಕಿನ ತುಂಬಾ ಹರಡುತ್ತದೆ. ಮೊದಲ ದಿನ ಗಟ್ಟಿ ಅನಿಸಿದ ಹೊರಪದರ ಮರುದಿನ ಮೆತ್ತಗೆ, ಸ್ವಲ್ಪ ಅಂಟಂಟಾಗುತ್ತದೆ. ರುಚಿಯೂ ಮರುದಿನವೇ ಕೂಡಿ ಬರುವುದು. ಅತಿಥಿಗಳು ಶನಿವಾರ ಬರುವುದಿದ್ದರೆ ಗುರುವಾರ ಮಾಡಿ.

ಯುದ್ಧದ ಕಾಲದ ಕೇಕ್ ಅಂತ ಇದನ್ನು ಕರೆಯುತ್ತಾರಲ್ಲ, ನಿಜವಾ?

ಈ ಬಗೆಯ ಕೇಕ್ ಎರಡನೆಯ ಮಹಾಯುದ್ಧಕ್ಕಿಂತ ಹಳೆಯದು. ಆದರೆ ಆ ದಿನಗಳಿಗೆ ಇದು ಹೊಂದಿಕೊಂಡಿತು. ಬ್ರಿಟನ್ನಿನಲ್ಲಿ ಆಹಾರದ ಪಡಿತರ 1940ರ ಜನವರಿ 8ರಂದು ಶುರುವಾಯಿತು. ಮೊದಲು ಪಟ್ಟಿಗೆ ಸೇರಿದ್ದು ಬೇಕನ್, ಬೆಣ್ಣೆ ಮತ್ತು ಸಕ್ಕರೆ. ದೊಡ್ಡವರಿಗೆ ಸಾಮಾನ್ಯವಾಗಿ ವಾರಕ್ಕೆ ಒಂದು ಮೊಟ್ಟೆ ಅನ್ನುವ ಲೆಕ್ಕ, ಕೊರತೆ ಇದ್ದರೆ ಅದೂ ಅನುಮಾನ. ಅಮೆರಿಕದಿಂದ ಬಂದ ಮೊಟ್ಟೆ ಪುಡಿಯಲ್ಲೇ ಕೇಕ್ ಮಾಡುತ್ತಿದ್ದರು. ಪಡಿತರ ಪೂರ್ತಿ ಮುಗಿದದ್ದು 1954ರ ಜುಲೈ 4ಕ್ಕೆ. ಅದರಲ್ಲಿ ಬಹುಪಾಲು ವರ್ಷ ಇಂಗ್ಲಿಷ್ ಗೃಹಿಣಿಯರು ಮೊಟ್ಟೆ, ಬೆಣ್ಣೆ, ಸಕ್ಕರೆ ಮೂರನ್ನೂ ಎಣಿಸಿ ಬಳಸಿದರು. ಒಣಹಣ್ಣು ಕೂಡ ಆಗ ಸುಲಭವಾಗಿ ಸಿಗುತ್ತಿರಲಿಲ್ಲ, ಅದಕ್ಕೂ ಪಡಿತರದ ಪಾಯಿಂಟ್ ಲೆಕ್ಕ ಇತ್ತು, ಅಂದರೆ ಕೊಟ್ಟ ಪಾಯಿಂಟುಗಳು ಮುಗಿಯುವವರೆಗೆ ಮಾತ್ರ ಕೊಳ್ಳಬಹುದಿತ್ತು. ಸಿಕ್ಕಾಗ ಹಣ್ಣಿನ ಸಿಹಿಯನ್ನೇ ನಂಬಿ ಕೇಕ್ ಮಾಡುತ್ತಿದ್ದರು. ಕಡಿಮೆ ಸಾಮಾನಿನಲ್ಲಿ ಮನೆಮಂದಿಗೆಲ್ಲ ಒಂದೊಂದು ಹೋಳು ಸಿಗುವ ಹಾಗೆ ಮಾಡುವುದು ಸಣ್ಣ ವಿದ್ಯೆಯಲ್ಲ. ಇದಕ್ಕೆ ಕ್ರೀಮ್, ಚಾಕೊಲೇಟ್ ಹೇರುವುದನ್ನು ನೋಡಿದಾಗ ನನಗೆ ಬೇಸರವಾಗುವುದು ಅದಕ್ಕೇ.

ಏನು ಜೊತೆಗಿಟ್ಟು ತಿನ್ನುತ್ತಾರೆ?

ಬೆರಳು ದಪ್ಪದ ಹೋಳು, ಮೇಲೆ ಉಪ್ಪು ಬೆಣ್ಣೆ, ಪಕ್ಕದಲ್ಲಿ ಹಾಲು ಹಾಕಿದ ಟೀ. ಯಾರ್ಕ್‌ಷೈರ್ ಕಡೆ ಹಣ್ಣಿನ ಕೇಕಿನ ಜೊತೆ ವೆನ್ಸ್‌ಲಿಡೇಲ್ ಚೀಸ್ ತಿನ್ನುವುದು ರೂಢಿ, ಖರ್ಜೂರದ ಲೋಫಿಗೂ ಅದು ಹೊಂದುತ್ತದೆ. ಇಲ್ಲಿ ಸಿಗುವ ಸಾದಾ ಚೆಡ್ಡಾರ್ ಸಾಕು. ಕೇಳಲು ವಿಚಿತ್ರ ಅನಿಸುತ್ತದೆ ಅಲ್ವಾ? ತಿಂದು ನೋಡಿ.

ಸ್ಟಿಕಿ ಟಾಫಿ ಪುಡ್ಡಿಂಗ್ ಕೂಡ ಇದೇನಾ?

ಹತ್ತಿರದ ಸಂಬಂಧಿ. ಅಲ್ಲೂ ಖರ್ಜೂರವನ್ನು ಬಿಸಿ ನೀರು, ಸೋಡಾದಲ್ಲೇ ನೆನೆಸುತ್ತಾರೆ. ಅದು ಬಿಸಿಯಾಗಿ, ಟಾಫಿ ಸಾಸ್ ಸುರಿದು ಊಟದ ಕೊನೆಗೆ ತಿನ್ನುವಂಥದ್ದು. ಇಂಗ್ಲೆಂಡಿನ ಕಂಬ್ರಿಯಾದ ಕಾರ್ಟ್‌ಮೆಲ್ ಊರು ಅದಕ್ಕೆ ಹೆಸರುವಾಸಿ. ನಿಮ್ಮ ಲೋಫ್ ಉಳಿದಿದ್ದರೆ ಬೆಣ್ಣೆ, ಬೆಲ್ಲ, ಕ್ರೀಮ್ ಕುದಿಸಿ ಸುರಿದು ಬಿಸಿ ಮಾಡಿ. ಹೆಚ್ಚುಕಡಿಮೆ ಅದೇ ಸುಖ.

ಖರ್ಜೂರ ಒಳ್ಳೆಯದು ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇರುವವರು ತಿನ್ನಬಹುದಾ?

ಖರ್ಜೂರದಲ್ಲಿ ನಾರು ಇದೆ, ಪೊಟ್ಯಾಸಿಯಂ ಇದೆ, ನಿಜ. ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಬೆಲ್ಲ ಹಾಕಿದರೂ ಲೆಕ್ಕ ಬದಲಾಗುವುದಿಲ್ಲ. ಇದು ಸಿಹಿ ತಿಂಡಿ. ತೆಳುವಾದ ಒಂದು ಹೋಳು, ಅದೂ ನಿಮ್ಮ ಡಾಕ್ಟರನ್ನು ಕೇಳಿ.

ಎಷ್ಟು ದಿನ ಇಡಬಹುದು?

ಇಂಗ್ಲೆಂಡಿನ ಚಳಿಯಲ್ಲಿ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗೆ ಎರಡು ದಿನ, ಆಮೇಲೆ ಫ್ರಿಜ್. ಬೆಂಗಳೂರು, ಮೈಸೂರಿನಲ್ಲಿ ಚಳಿಗಾಲವಾದರೆ ನಾಲ್ಕು ದಿನ ಹೊರಗೇ ಇಡಬಹುದು. ಹೋಳು ಮಾಡಿ ನಡುವೆ ಬೆಣ್ಣೆ ಕಾಗದ ಇಟ್ಟು ಫ್ರೀಜರಿಗೆ ಹಾಕಿದರೆ ಮೂರು ತಿಂಗಳು ಬರುತ್ತದೆ, ಬೇಕಾದಾಗ ಒಂದೊಂದೇ ತೆಗೆಯಬಹುದು.

ಕೊನೆಗೆ ಒಣಗಿದ ಎರಡು ಹೋಳು ಉಳಿದಿವೆ.

ತವಾ ಸಣ್ಣ ಉರಿಯಲ್ಲಿಟ್ಟು, ಚೂರು ಬೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಸುಡಿ. ಖರ್ಜೂರದ ಸಕ್ಕರೆ ಬೇಗ ಸೀಯುತ್ತದೆ, ಬಿಟ್ಟು ಆಚೆ ಹೋಗಬೇಡಿ.